ಗ್ಯಾಲಗಾ, ಗ್ರೇಡಿಯಸ್, ಸ್ಪೇಸ್ ಇನ್ವೇಡರ್ಸ್: ಕೈಯಲ್ಲಿ ಹಿಡಿದು ಆಡಲು ಯಾವುದು ಚಲೋ?

ಹಳೆಯ ಆರ್ಕೇಡ್ (ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆ) ಶೂಟಿಂಗ್ ಆಟಗಳನ್ನು ಕೈಯಲ್ಲಿ ಹಿಡಿಯುವ ಕನ್ಸೋಲ್‌ನಲ್ಲಿ ಆಡಬೇಕು ಅನ್ನುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ಏನಿಲ್ಲ. ಕೆಲವರು ಟಿವಿಗೆ ಹಚ್ಚುವ ವಿಡಿಯೋ ಗೇಮ್‌ನಲ್ಲಿ, ಹತ್ತಾರು ಆಟ ತುಂಬಿದ ಕ್ಯಾಸೆಟ್ ಹಾಕಿ, ಗ್ಯಾಲಕ್ಸಿಯನ್ ಆಡಿ ಬೆಳೆದವರು. ಇನ್ನು ಕೆಲವರು ಈಗ ಕಾಲೇಜಿಗೆ ಹೋಗುತ್ತಿರುವ ಹುಡುಗ ಹುಡುಗಿಯರು. ಫೋನ್‌ನಲ್ಲಿ ಎರಡು ನಿಮಿಷಕ್ಕೊಮ್ಮೆ ಬರುವ ಜಾಹೀರಾತಿಗೆ ಬೇಸತ್ತು ಈ ಕಡೆ ತಿರುಗಿದವರು. ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಕನ್ಸೋಲ್ ತಗೊಳ್ಳಲಿ?

ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಇಷ್ಟವಾದ ಆಟ ಮೂಲದಲ್ಲಿ ಎತ್ತರದ ಸ್ಕ್ರೀನಿಗೆ ಮಾಡಿದ್ದಾ, ಅಗಲದ ಸ್ಕ್ರೀನಿಗೆ ಮಾಡಿದ್ದಾ? ಇದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಯಾಕೆ ಅಂದರೆ, ಆರ್ಕೇಡ್ ಪೆಟ್ಟಿಗೆಗಳಲ್ಲಿ ಎಷ್ಟೋ ಕಡೆ ಮಾನಿಟರ್ ಅನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದರು. ಶತ್ರುಗಳು ಮೇಲೆ, ನಮ್ಮ ವಿಮಾನ ಕೆಳಗೆ, ನಡುವೆ ಉದ್ದನೆಯ ಆಕಾಶ. ಸ್ಪೇಸ್ ಇನ್ವೇಡರ್ಸ್‌ನ ಚಿತ್ರ 224 ಪಿಕ್ಸೆಲ್ ಅಗಲ, 256 ಪಿಕ್ಸೆಲ್ ಎತ್ತರ. ಗ್ಯಾಲಗಾ 224 ಅಗಲ, 288 ಎತ್ತರ. ಕೈಯಲ್ಲಿ ಹಿಡಿಯುವ ಕನ್ಸೋಲ್‌ಗಳ ಸ್ಕ್ರೀನ್ ಇದಕ್ಕೆ ಉಲ್ಟಾ. ನಿಂಟೆಂಡೊ ಕಂಪನಿಯ ಗೇಮ್ ಬಾಯ್‌ದು 160 ಅಗಲ, 144 ಎತ್ತರ. ಗೇಮ್ ಬಾಯ್ ಅಡ್ವಾನ್ಸ್ 240 ಅಗಲ, 160 ಎತ್ತರ. ಸೋನಿಯ ಪಿಎಸ್‌ಪಿ 480 ಅಗಲ, 272 ಎತ್ತರ. ಅಂದರೆ ಎತ್ತರ ಬೇಕಾದ ಆಟಕ್ಕೆ ಎತ್ತರವೇ ಇಲ್ಲ.

ಆಗ ಆಟ ಮಾಡುವವರ ಮುಂದೆ ಕೆಲವೇ ದಾರಿ ಇರುತ್ತವೆ. ಇಡೀ ಚಿತ್ರವನ್ನು ಕುಗ್ಗಿಸಬಹುದು. ಆಕಾಶವನ್ನು ಕತ್ತರಿಸಿ ಗಿಡ್ಡ ಮಾಡಬಹುದು. ಕನ್ಸೋಲ್ ಅನ್ನೇ ಅಡ್ಡ ತಿರುಗಿಸಿ ಹಿಡಿಯಿರಿ ಅನ್ನಬಹುದು. ಇಲ್ಲವೇ ಹಳೆಯದರ ಜೀವ ಉಳಿಸಿಕೊಂಡು ಸಣ್ಣ ಸ್ಕ್ರೀನಿಗೆ ಅಂತಲೇ ಹೊಸದಾಗಿ ಆಟ ಕಟ್ಟಬಹುದು. ನನಗೆ ಅನುಭವದಿಂದ ಖಾತ್ರಿಯಾಗಿರುವುದು ಇಷ್ಟು: ತಿರುಗಿಸಿದ್ದು ಮತ್ತು ಹೊಸದಾಗಿ ಕಟ್ಟಿದ್ದು, ಇವೆರಡೇ ವರ್ಷಗಟ್ಟಲೆ ಆಡಿಸಿಕೊಳ್ಳುತ್ತವೆ. ಬರೀ ಕುಗ್ಗಿಸಿದ್ದನ್ನು ವಾರದಲ್ಲಿ ಕಪಾಟಿಗೆ ಸೇರಿಸುತ್ತೀರಿ.

ಈಗ ಒಂದೊಂದೇ ನೋಡೋಣ.

ಸ್ಪೇಸ್ ಇನ್ವೇಡರ್ಸ್

1978ರಲ್ಲಿ ಜಪಾನಿನ ಟೈಟೊ ಕಂಪನಿ ತಂದ ಆಟ ಇದು. ವಿನ್ಯಾಸ ತೊಮೊಹಿರೊ ನಿಶಿಕಾಡೊ ಅವರದು. 5 ಸಾಲು, ಸಾಲಿಗೆ 11, ಒಟ್ಟು 55 ಶತ್ರುಗಳು. ಕೆಳಗೆ ನಾಲ್ಕು ಗೋಡೆ, ಅದರ ಕೆಳಗೆ ನಾವು. ಆಟ ಅಷ್ಟೇ. ಆದರೂ ಕೈ ಬೆವರುತ್ತದೆ, ಅಲ್ವಾ?

ಆ ಬೆವರಿನ ಕಾರಣ ಯಂತ್ರದ ಒಳಗಿದೆ. ಅದರಲ್ಲಿ ಇದ್ದದ್ದು ಇಂಟೆಲ್ 8080 ಚಿಪ್. ಒಮ್ಮೆ ಚಿತ್ರ ಬದಲಾಗುವಾಗ ಒಬ್ಬ ಶತ್ರುವನ್ನು ಮಾತ್ರ ಸರಿಸುತ್ತಿತ್ತು. ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. 55 ಜನ ಇದ್ದಾಗ ಎಲ್ಲರೂ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಸಾಯಿಸುತ್ತಾ ಹೋದ ಹಾಗೆ ಸರದಿ ಬೇಗ ಬೇಗ ಬರುತ್ತದೆ. ಕೊನೆಗೆ ಉಳಿದ ಒಬ್ಬ ಪ್ರತಿ ಸಲವೂ ಓಡುತ್ತಾನೆ. ಜೊತೆಗೆ ನಾಲ್ಕೇ ಸ್ವರದ ಆ ದಪ್ಪ ಸದ್ದು ಕೂಡ ಓಡತೊಡಗುತ್ತದೆ. ಬೇರೆ ಕನ್ಸೋಲ್‌ಗೆ ತರುವವರು ಈ ಏರುವ ವೇಗವನ್ನು ಬೇಕಂತಲೇ ಮತ್ತೆ ಕಟ್ಟಬೇಕು. ಕೊಳ್ಳುವ ಮೊದಲು ಯೂಟ್ಯೂಬ್‌ನಲ್ಲಿ ಆ ಆವೃತ್ತಿಯ ವಿಡಿಯೋ ಸಿಕ್ಕರೆ ಕೊನೆಯ ಮೂರ್ನಾಲ್ಕು ಶತ್ರುಗಳು ಉಳಿದಾಗ ಏನಾಗುತ್ತದೆ ನೋಡಿ. ವೇಗ ಏರದಿದ್ದರೆ ಅದನ್ನು ಬಿಡಿ.

ಕೈಯಲ್ಲಿ ಹಿಡಿಯುವ ಆವೃತ್ತಿಗಳಲ್ಲಿ ಮುಖ್ಯವಾಗಿ ಮೂರರ ನಡುವೆ ಆಯ್ಕೆ. ಮೊದಲನೆಯದು 1994ರ ಗೇಮ್ ಬಾಯ್ ಕ್ಯಾಸೆಟ್. ಸರಳ, ಪ್ರಾಮಾಣಿಕ ಕೆಲಸ. ಇದರೊಳಗೆ ಒಂದು ಚಂದದ ವಿಷಯ ಅಡಗಿದೆ. ಇದೇ ಕ್ಯಾಸೆಟ್ ಅನ್ನು ಸೂಪರ್ ಗೇಮ್ ಬಾಯ್ ಅಡಾಪ್ಟರ್ ಮೂಲಕ ಸೂಪರ್ ನಿಂಟೆಂಡೊಗೆ ಹಾಕಿದರೆ ಟಿವಿಯಲ್ಲಿ ಬಣ್ಣದ ಬೇರೆಯೇ ಆವೃತ್ತಿ ತೆರೆದುಕೊಳ್ಳುತ್ತದೆ. ಆದರೆ ಬಸ್ಸಿನಲ್ಲಿ ಆಡುವವರಿಗೆ ಅದರಿಂದ ಏನೂ ಲಾಭ ಇಲ್ಲ.

ಎರಡನೆಯದು ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್. ಮೂಲ ಆಟಕ್ಕೆ 30 ವರ್ಷ ತುಂಬಿದ 2008ರಲ್ಲಿ ನಿಂಟೆಂಡೊ ಡಿಎಸ್‌ಗೂ ಪಿಎಸ್‌ಪಿಗೂ ಬಂತು. ನನ್ನ ಆಯ್ಕೆ ಇದೇ. ಇಲ್ಲಿ ಯಾರೂ ಹಳೆಯದನ್ನು ಕುಗ್ಗಿಸಲು ಹೋಗಲಿಲ್ಲ. ಒಂದೇ ಬಣ್ಣದ ನಾಲ್ಕು ಶತ್ರುಗಳನ್ನು ಸತತವಾಗಿ ಹೊಡೆದರೆ ಲೇಸರ್, ಬಾಂಬ್, ಅಗಲ ಗುಂಡು ಹೀಗೆ ಏನಾದರೂ ಸಿಗುತ್ತದೆ. ಹಾಗಾಗಿ ಕಣ್ಣಿಗೆ ಬಿದ್ದವರನ್ನೆಲ್ಲ ಹೊಡೆಯುತ್ತಾ ಹೋಗುವ ಆಟ, ಯಾರನ್ನು ಮೊದಲು ಹೊಡೆಯಲಿ ಅಂತ ಲೆಕ್ಕ ಹಾಕುವ ಆಟವಾಗುತ್ತದೆ. ಹೊಡೆತದ ಸದ್ದೂ ಹಿನ್ನೆಲೆ ಸಂಗೀತದ ತಾಳಕ್ಕೆ ಕೂಡಿಕೊಳ್ಳುತ್ತದೆ. ಇಯರ್‌ಫೋನ್ ಹಾಕಿ ಆಡಿದರೆ ಉಣಕಲ್ ಕೆರೆ ಯಾವಾಗ ದಾಟಿತು ಅಂತ ಗೊತ್ತಾಗುವುದಿಲ್ಲ.

ಮೂರನೆಯದು ನಿಂಟೆಂಡೊದ ಸ್ವಿಚ್ ಕನ್ಸೋಲ್‌ಗೆ ಬಂದಿರುವ ಇನ್ವಿನ್ಸಿಬಲ್ ಕಲೆಕ್ಷನ್. 1978ರ ಮೂಲ ಆಟವೂ ಎಕ್ಸ್‌ಟ್ರೀಮ್ ಕೂಡ ಅದರಲ್ಲಿವೆ. ಇತಿಹಾಸದ ಹುಚ್ಚು ಇದ್ದವರಿಗೆ ಅದು ಸರಿ. ಬರೀ ಎಕ್ಸ್‌ಟ್ರೀಮ್ ಆಡಲು ಅಷ್ಟು ದುಡ್ಡು ಹಾಕುವುದು ಬೇಡ, ಹಳೆಯ ಡಿಎಸ್ ಸಾಕು.

ಗ್ಯಾಲಗಾ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ನಾಮ್ಕೊ ಕಂಪನಿ 1979ರಲ್ಲಿ ಗ್ಯಾಲಕ್ಸಿಯನ್ ತಂದಿತು, 1981ರಲ್ಲಿ ಅದರ ಮುಂದಿನದಾಗಿ ಗ್ಯಾಲಗಾ. ಗ್ಯಾಲಕ್ಸಿಯನ್‌ನಲ್ಲಿ ಒಂದು ಗುಂಡು ಹಾರಿಸಿದರೆ ಅದು ತಾಗುವವರೆಗೆ ಅಥವಾ ಮೇಲೆ ಮರೆಯಾಗುವವರೆಗೆ ಇನ್ನೊಂದು ಹಾರುವುದಿಲ್ಲ. ಗ್ಯಾಲಗಾದಲ್ಲಿ ಎರಡು ಗುಂಡು. ವ್ಯತ್ಯಾಸ ಸಣ್ಣದು ಅನಿಸಬಹುದು. ಆಡಿ ನೋಡಿ, ಗ್ಯಾಲಕ್ಸಿಯನ್‌ನಲ್ಲಿ ಒಂದು ಗುರಿ ತಪ್ಪಿದರೆ ಗುಂಡು ಮೇಲೆ ಹೋಗುವ ತನಕ ಬರಿಗೈಲಿ ನಿಲ್ಲಬೇಕು.

ಗ್ಯಾಲಗಾದ ನಿಜವಾದ ಸವಿ ಇರುವುದು ಜೋಡಿ ವಿಮಾನದಲ್ಲಿ. ಮೇಲಿನ ಸಾಲಿನ ದೊಡ್ಡ ಶತ್ರು ಕೆಳಗಿಳಿದು ಬೀಸಣಿಗೆಯ ಹಾಗೆ ಬೆಳಕಿನ ಬಲೆ ಬಿಡುತ್ತಾನೆ. ಇನ್ನೊಂದು ಲೈಫ್ ಕೈಯಲ್ಲಿದ್ದರೆ ಬೇಕಂತಲೇ ಅದರೊಳಗೆ ಹೋಗಿ. ನಮ್ಮ ವಿಮಾನವನ್ನು ಎಳೆದುಕೊಂಡು ಹೋಗುತ್ತಾನೆ, ಅದು ಕೆಂಪಾಗುತ್ತದೆ. ಮುಂದಿನ ಸಲ ಅವನು ಅದನ್ನು ಜೊತೆಗೆ ಕಟ್ಟಿಕೊಂಡು ಕೆಳಗೆ ಧುಮುಕಿದಾಗ ಅವನಿಗೆ ಮಾತ್ರ ಗುಂಡು ತಾಗಬೇಕು. ನಮ್ಮ ವಿಮಾನಕ್ಕೆ ತಾಗಿತೋ, ಅದು ಹೋಯಿತು. ಸರಿಯಾಗಿ ತಾಗಿದರೆ ಬಿಡುಗಡೆಯಾದ ವಿಮಾನ ಸುತ್ತುತ್ತಾ ಇಳಿದು ಬಂದು ನಮ್ಮ ಪಕ್ಕದಲ್ಲಿ ಕೂಡಿಕೊಳ್ಳುತ್ತದೆ. ಆಮೇಲೆ ಎರಡು ಕಡೆಯಿಂದ ಗುಂಡು. ಮೂರನೇ ಸ್ಟೇಜಿನಲ್ಲಿ ಬರುವ ಚಾಲೆಂಜಿಂಗ್ ಸ್ಟೇಜ್‌ನಲ್ಲಿ 40 ಶತ್ರುಗಳು ಗುಂಡು ಹಾರಿಸದೆ ಸುತ್ತಿ ಹೋಗುತ್ತಾರೆ. ಎಲ್ಲರನ್ನೂ ಹೊಡೆದರೆ 10,000 ಅಂಕ. ಜೋಡಿ ವಿಮಾನ ಇಲ್ಲದೆ ಅದು ಸುಲಭವಲ್ಲ.

ಈಗ ಲೆಕ್ಕ ನೋಡಿ. ಜೋಡಿ ವಿಮಾನದ ಅಗಲ ಸುಮಾರು 32 ಪಿಕ್ಸೆಲ್. ಆರ್ಕೇಡ್‌ನ 224 ಅಗಲದಲ್ಲಿ ಅದು ಏಳನೇ ಒಂದು ಭಾಗ. ಅದೇ ಗಾತ್ರದಲ್ಲಿ ಗೇಮ್ ಬಾಯ್‌ನ 160ರಲ್ಲಿ ಇಟ್ಟರೆ ಐದನೇ ಒಂದು ಭಾಗ ನಮ್ಮ ವಿಮಾನವೇ ತುಂಬಿಕೊಳ್ಳುತ್ತದೆ. ತಪ್ಪಿಸಿಕೊಳ್ಳಲು ಜಾಗ ಎಲ್ಲಿ? ಎತ್ತರವಂತೂ 288 ಇದ್ದದ್ದು 144, ಸರಿಯಾಗಿ ಅರ್ಧ. ಶತ್ರುವಿನ ಗುಂಡು ಹೊರಟಿದ್ದು ಕಂಡು ಪಕ್ಕಕ್ಕೆ ಸರಿಯುವ ಸಮಯವೂ ಆ ಲೆಕ್ಕದಲ್ಲೇ ಕಡಿಮೆಯಾಗುತ್ತದೆ. ಹೀಗಾಗಿ 1995ರಲ್ಲಿ ಗ್ಯಾಲಗಾ, ಗ್ಯಾಲಕ್ಸಿಯನ್ ಎರಡೂ ಸೇರಿ ಬಂದ ಗೇಮ್ ಬಾಯ್ ಕ್ಯಾಸೆಟ್ ಅನ್ನು ಗ್ಯಾಲಕ್ಸಿಯನ್‌ಗಾಗಿ ತಗೊಳ್ಳಿ, ಗ್ಯಾಲಗಾಗಾಗಿ ಬೇಡ ಅನ್ನುತ್ತೇನೆ.

2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ನಾಮ್ಕೊ ಮ್ಯೂಸಿಯಂ ಬಂತು. ಒಂದೇ ಕ್ಯಾಸೆಟ್‌ನಲ್ಲಿ ಗ್ಯಾಲಕ್ಸಿಯನ್, ಗ್ಯಾಲಗಾ, ಮಿಸ್ ಪ್ಯಾಕ್-ಮ್ಯಾನ್, ಪೋಲ್ ಪೊಸಿಷನ್, ಡಿಗ್ ಡಗ್. ಓದಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಆ ಕನ್ಸೋಲ್‌ನ ಸ್ಕ್ರೀನ್ ಎತ್ತರ ಬರೀ 4 ಸೆಂಟಿಮೀಟರ್ ಚಿಲ್ಲರೆ. ಗ್ಯಾಲಗಾವನ್ನು ಅದರ ಮೂಲ ಆಕಾರದಲ್ಲೇ ಕೂರಿಸಿದರೆ ಚಿತ್ರ 3 ಸೆಂಟಿಮೀಟರ್ ಅಗಲ ದಾಟುವುದೇ ಕಷ್ಟ. ಇನ್ನೊಂದು ಕೊರತೆ ನನಗೆ ಅದಕ್ಕಿಂತ ದೊಡ್ಡದು: ಇದು ಹೈ ಸ್ಕೋರ್ ಉಳಿಸಿಕೊಳ್ಳುವುದಿಲ್ಲ. ಆಫ್ ಮಾಡಿದರೆ ನಿಮ್ಮ ದಾಖಲೆ ಹೋಯಿತು. ಅಂಕಕ್ಕಾಗಿಯೇ ಆಡುವ ಆಟದಲ್ಲಿ ಅಂಕ ಉಳಿಯದಿದ್ದರೆ ಹೇಗೆ? ಮನೆಯಲ್ಲಿ ಅಣ್ಣ ತಮ್ಮ ಪೈಪೋಟಿಗೆ ಬಿದ್ದು ಆಡುವವರಾದರೆ ಇದನ್ನು ಮುಟ್ಟಲೇಬೇಡಿ.

ಹಾಗಾದರೆ ಗ್ಯಾಲಗಾಗೆ ಯಾವುದು? ಸ್ವಿಚ್‌ಗೆ 2017ರಲ್ಲಿ ಬಂದ ನಾಮ್ಕೊ ಮ್ಯೂಸಿಯಂ. ಅದರಲ್ಲಿ ಗ್ಯಾಲಗಾ, ಗ್ಯಾಲಗಾ '88 ಎರಡೂ ಇವೆ. ಚಿತ್ರವನ್ನು ಅಡ್ಡ ತಿರುಗಿಸುವ ಸೌಲಭ್ಯವೂ ಇದೆ. ಮೊದಲ ಸ್ವಿಚ್‌ನ ಸ್ಕ್ರೀನ್ 6.2 ಇಂಚು. ಮಲಗಿಸಿ ಆಡಿದರೆ ಗ್ಯಾಲಗಾದ ಚಿತ್ರ ಸುಮಾರು 6 ಸೆಂಟಿಮೀಟರ್ ಅಗಲ, 7.7 ಎತ್ತರ. ನಿಲ್ಲಿಸಿ ಆಡಿದರೆ 7.7 ಅಗಲ, ಹತ್ತಿರ ಹತ್ತಿರ 10 ಎತ್ತರ. ಕಾಗದದ ಮೇಲೆ ಎರಡೂ ಚೌಕ ಬರೆದು ನೋಡಿ, ವ್ಯತ್ಯಾಸ ತಾನೇ ಕಾಣುತ್ತದೆ.

ಒಂದು ತೊಡಕು ಇದೆ. ನಿಲ್ಲಿಸಿ ಆಡಲು ಎರಡೂ ಪಕ್ಕದ ಜಾಯ್-ಕಾನ್ (ಬಟನ್ ಇರುವ ಬಿಚ್ಚುವ ಭಾಗ) ಬಿಚ್ಚಿ ಕೈಯಲ್ಲಿ ಹಿಡಿಯಬೇಕು, ಕನ್ಸೋಲ್ ಅನ್ನು ಯಾವುದಕ್ಕಾದರೂ ಒರಗಿಸಬೇಕು. ಅದರ ಸ್ವಂತ ಕಾಲು ಮಲಗಿಸಿ ಇಡಲು ಮಾತ್ರ ಇರುವುದು. ಧಾರವಾಡದ ಹಾಸ್ಟೆಲ್ ರೂಮಿನಲ್ಲಿ ಟೇಬಲ್ ಮೇಲೆ ಎರಡು ದಪ್ಪ ಪುಸ್ತಕ ಇಟ್ಟು ಒರಗಿಸಿದರೆ ಸಾಕು. ಬಸ್ಸಿನಲ್ಲಿ ಆಗದು. ಸಣ್ಣ ಮಾದರಿಯಾದ ಸ್ವಿಚ್ ಲೈಟ್ ಇದ್ದವರಿಗೆ ಬೇರೆ ಕಂಟ್ರೋಲರ್ ಜೋಡಿಸದೆ ಇದು ಎಲ್ಲಿಯೂ ಆಗದು, ಅದರ ಬಟನ್‌ಗಳು ಕನ್ಸೋಲ್‌ಗೇ ಅಂಟಿಕೊಂಡಿವೆ. ಆದರೆ ಲೈಟ್‌ನಲ್ಲಿ ಒಳ್ಳೆಯ ಪ್ಲಸ್ ಆಕಾರದ ಬಟನ್ ಇದೆ. ಜಾಯ್-ಕಾನ್‌ನಲ್ಲಿ ನಾಲ್ಕು ಬಿಡಿ ಬಟನ್ ಮಾತ್ರ. ಎಡ-ಬಲ ಓಡುವ ಆಟಕ್ಕೆ ಪ್ಲಸ್ ಬಟನ್ ಎಷ್ಟು ಹಿತ ಅನ್ನುವುದು ಹೆಬ್ಬೆರಳಿಗೆ ಗೊತ್ತು. ಮನೆಯಲ್ಲಿ ಆಡುವವರು ದೊಡ್ಡ ಸ್ವಿಚ್ ತಗೊಳ್ಳಿ, ದಾರಿಯಲ್ಲಿ ಆಡುವವರು ಲೈಟ್ ತಗೊಂಡು ಮಲಗಿದ ಚಿತ್ರಕ್ಕೆ ಒಗ್ಗಿಕೊಳ್ಳಿ.

ಗ್ರೇಡಿಯಸ್

ಎತ್ತರದ ಗೋಳು ಇಲ್ಲಿ ಇಲ್ಲ. 1985ರಲ್ಲಿ ಕೊನಾಮಿ ತಂದ ಗ್ರೇಡಿಯಸ್ ಎಡದಿಂದ ಬಲಕ್ಕೆ ಹೋಗುವ ಆಟ. ಚಿತ್ರ 256 ಅಗಲ, 224 ಎತ್ತರ. ಕೈಯಲ್ಲಿ ಹಿಡಿಯುವ ಕನ್ಸೋಲ್‌ಗೆ ಹುಟ್ಟಿನಿಂದಲೇ ಹೊಂದುವ ಆಟ. ಬಸ್ಸಿನಲ್ಲಿ, ರೈಲಿನಲ್ಲಿ ಆಡಲು ಒಂದೇ ಒಂದು ಹಳೆಯ ಶೂಟಿಂಗ್ ಸರಣಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಇದರ ಜೀವಾಳ ಕೆಳಗಿನ ಪಟ್ಟಿ. ಕೆಲವು ಶತ್ರುಗಳು ಸತ್ತಾಗ ಕ್ಯಾಪ್ಸೂಲ್ ಬೀಳುತ್ತದೆ. ಒಂದು ಹಿಡಿದರೆ ಪಟ್ಟಿಯಲ್ಲಿ ವೇಗ ಹೊಳೆಯುತ್ತದೆ, ಎರಡಕ್ಕೆ ಮಿಸೈಲ್, ಆಮೇಲೆ ಡಬಲ್, ಲೇಸರ್, ಆಪ್ಷನ್ (ನಮ್ಮ ಹಿಂದೆ ಬಂದು ಜೊತೆಗೆ ಗುಂಡು ಹಾರಿಸುವ ಬೆಳಕಿನ ಉಂಡೆ), ಕೊನೆಗೆ ರಕ್ಷಣೆಯ ಕವಚ. ಯಾವಾಗ ಬಟನ್ ಒತ್ತಬೇಕು ಅನ್ನುವುದು ನಿಮಗೆ ಬಿಟ್ಟಿದ್ದು. ಒಂದು ಕ್ಯಾಪ್ಸೂಲಿಗೆ ವೇಗ ಖರೀದಿ ಮಾಡಲೋ, ಸಾವಿನ ಅಂಚಿನಲ್ಲಿ ಐದರ ತನಕ ಕಾಯ್ದು ಆಪ್ಷನ್ ತಗೊಳ್ಳಲೋ? ಸಂತೆಯಲ್ಲಿ ಕೈಯಲ್ಲಿರುವ ದುಡ್ಡು ಎಣಿಸುತ್ತಾ ಮುಂದಿನ ಅಂಗಡಿಯಲ್ಲಿ ಇನ್ನೂ ಒಳ್ಳೆಯದು ಸಿಕ್ಕೀತೇ ಅಂತ ಯೋಚಿಸುವ ಹಾಗೆ ಇದು. ಹೊಸಬರಿಗೆ ನನ್ನ ಸಲಹೆ: ಎರಡು ಸಲ ವೇಗ, ಒಂದು ಮಿಸೈಲ್, ಆಮೇಲೆ ಸೀದಾ ಆಪ್ಷನ್. ವೇಗ ಜಾಸ್ತಿ ತಗೊಂಡರೆ ವಿಮಾನ ಹತೋಟಿ ಮೀರಿ ಗುಡ್ಡಕ್ಕೆ ಬಡಿಯುತ್ತದೆ.

ಸತ್ತರೆ ಕೂಡಿಟ್ಟದ್ದೆಲ್ಲ ಹೋಗುತ್ತದೆ. ಆಟದ ನಡುವಿನಲ್ಲಿ ಬರಿಗೈಲಿ, ಆಮೆ ವೇಗದಲ್ಲಿ ನಿಲ್ಲಬೇಕು. ಈ ಕಾರಣಕ್ಕೇ ಆರ್ಕೇಡ್ ಗ್ರೇಡಿಯಸ್ ಎಷ್ಟೋ ಜನಕ್ಕೆ ಕಹಿ. ಕೈಯಲ್ಲಿ ಹಿಡಿಯುವ ಆವೃತ್ತಿಗಳು ಗೆಲ್ಲುವುದು ಇಲ್ಲಿ.

1990ರಲ್ಲಿ ಗೇಮ್ ಬಾಯ್‌ಗೆ ನೆಮೆಸಿಸ್ ಬಂತು. ಹೆಸರು ಬೇರೆ ಇದ್ದರೂ ಮನೆತನ ಒಂದೇ. ಆರ್ಕೇಡ್‌ನಲ್ಲಿ ನಾಲ್ಕು ಆಪ್ಷನ್ ಹಿಂಬಾಲಿಸುತ್ತಿದ್ದವು, ಇಲ್ಲಿ ಎರಡು. ಗೇಮ್ ಬಾಯ್ ಒಂದು ಅಡ್ಡ ಸಾಲಿನಲ್ಲಿ 10ಕ್ಕಿಂತ ಹೆಚ್ಚು ಚಲಿಸುವ ಬೊಂಬೆಗಳನ್ನು ತೋರಿಸಲಾರದು. ಅಂಥ ಯಂತ್ರದಲ್ಲಿ ವಿಮಾನ, ಆಪ್ಷನ್, ಗುಂಡು, ಶತ್ರು ಎಲ್ಲ ಸೇರಿಸಿ ಆಟ ಓಡಿಸುವುದು ಸುಲಭದ ಕೆಲಸವಲ್ಲ. ಮಾಡಿದವರು ಜಾಗ ನೋಡಿ ಕೈ ಬಿಗಿ ಹಿಡಿದಿದ್ದಾರೆ. ಯಾವ ಸ್ಟೇಜಿನಿಂದ ಶುರು ಮಾಡಬೇಕು ಅನ್ನುವುದನ್ನೂ ಆಟಗಾರನಿಗೇ ಬಿಟ್ಟಿದ್ದಾರೆ. ನವನಗರದಲ್ಲಿ ಹತ್ತಿ ಜುಬಿಲಿ ಸರ್ಕಲ್‌ನಲ್ಲಿ ಇಳಿಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ಮುಂದಿನ ವರ್ಷ ಜಪಾನಿನಲ್ಲಿ ಇದರ ಎರಡನೇ ಭಾಗ ಬಂತು. ಅಮೆರಿಕದಲ್ಲಿ ಅದರ ಹೆಸರು ಗ್ರೇಡಿಯಸ್: ದಿ ಇಂಟರ್‌ಸ್ಟೆಲರ್ ಅಸಾಲ್ಟ್. ಆರ್ಕೇಡ್‌ನಲ್ಲಿ ಇಲ್ಲದ, ಗೇಮ್ ಬಾಯ್‌ಗಾಗಿಯೇ ಕಟ್ಟಿದ ಆಟ. ಶುರುವಿನಲ್ಲೇ ಒಂದು ಭಾರಿ ಶತ್ರು ನೌಕೆ ನಿಮ್ಮ ಬೆನ್ನು ಹತ್ತುತ್ತದೆ. ಅಷ್ಟು ಸಣ್ಣ ಸ್ಕ್ರೀನಿನಲ್ಲಿ ಅದು ಅರ್ಧ ಆಕಾಶ ನುಂಗಿದ ಹಾಗೆ ಕಾಣುತ್ತದೆ. ಸ್ಕ್ರೀನ್ ಸಣ್ಣದು ಅನ್ನುವ ಕೊರತೆಯನ್ನೇ ಇಲ್ಲಿ ಹೆದರಿಸುವ ಉಪಾಯ ಮಾಡಿಕೊಂಡಿದ್ದಾರೆ. ನಾಲ್ಕೇ ಛಾಯೆಯ ಸ್ಕ್ರೀನಿಗೆ ಬಂದ ಶೂಟಿಂಗ್ ಆಟಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಮೇಲು. ಕ್ಯಾಸೆಟ್ ಸಿಕ್ಕರೆ ಬಿಡಬೇಡಿ.

2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಗ್ರೇಡಿಯಸ್ ಗ್ಯಾಲಕ್ಸೀಸ್ ಬಂತು. ಆರ್ಕೇಡ್‌ಗೆ ಹತ್ತಿರದ ಬಣ್ಣ, ಶುರುವಿನಲ್ಲೇ ಆಯುಧಗಳ ಜೋಡಣೆ ಆರಿಸಿಕೊಳ್ಳುವ ಅವಕಾಶ. ಒಳ್ಳೆಯ ಆಟ. ಮೊದಲ ಗ್ರೇಡಿಯಸ್ ಕಲಿತವರಿಗೆ ಮುಂದಿನ ಮೆಟ್ಟಿಲು.

ಮೂಲವೇ ಬೇಕು ಅನ್ನುವವರಿಗೆ ಎರಡು ದಾರಿ. 2006ರ ಪಿಎಸ್‌ಪಿ ಗ್ರೇಡಿಯಸ್ ಕಲೆಕ್ಷನ್‌ನಲ್ಲಿ ಒಂದರಿಂದ ನಾಲ್ಕರ ತನಕ, ಜೊತೆಗೆ ಗ್ರೇಡಿಯಸ್ ಗೈಡೆನ್ ಇದೆ. ಗೈಡೆನ್ 1997ರಲ್ಲಿ ಪ್ಲೇಸ್ಟೇಷನ್‌ಗೆ ಜಪಾನಿನಲ್ಲಿ ಮಾತ್ರ ಬಂದಿತ್ತು. ಪಿಎಸ್‌ಪಿಯ ಎತ್ತರ 272, ಆಟದ ಎತ್ತರ 224. ಅಂದರೆ ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಲೆಕ್ಕದಲ್ಲೇ ಇಡೀ ಚಿತ್ರ ಹಿಡಿಯುತ್ತದೆ. ಸುತ್ತ ಕಪ್ಪು ಅಂಚು ಉಳಿದರೂ ಚಿತ್ರ ಕತ್ತರಿಸಿಟ್ಟ ಹಾಗೆ ಚೊಕ್ಕ. ಅಗಲಕ್ಕೆ ಎಳೆದು ತುಂಬಿಸಬೇಡಿ, ಎಲ್ಲವೂ ಅಡ್ಡಕ್ಕೆ ಹಿಗ್ಗಿದ ಹಾಗೆ ಕಾಣುತ್ತದೆ.

ಇನ್ನೊಂದು, 2025ರಲ್ಲಿ ಸ್ವಿಚ್‌ಗೂ ಬಂದ ಗ್ರೇಡಿಯಸ್ ಒರಿಜಿನ್ಸ್. ಗ್ರೇಡಿಯಸ್ ಮತ್ತು ಅದರ ಸೋದರ ಸರಣಿ ಸಲಮಾಂಡರ್‌ನ ಆರ್ಕೇಡ್ ಆಟಗಳ ಜೊತೆ ಹೊಸದಾದ ಸಲಮಾಂಡರ್ 3 ಕೂಡ ಇದೆ. ತಪ್ಪಿದರೆ ಆಟವನ್ನು ಹಿಂದಕ್ಕೆ ಸುತ್ತಬಹುದು. ಮೊದಲೇ ಹೇಳಿದ ಆ ಕಹಿಗೆ ಇದೇ ಮದ್ದು. ಕೈಯಲ್ಲಿ ಸ್ವಿಚ್ ಇದ್ದವರು ಹಳೆಯ ಕ್ಯಾಸೆಟ್ ಹುಡುಕುವ ಗೊಡವೆಗೆ ಹೋಗದೆ ಸುಮ್ನೆ ಇದನ್ನು ತಗೊಳ್ಳಿ.

ಆರ್-ಟೈಪ್

1987ರ ಐರೆಮ್ ಕಂಪನಿಯ ಆಟ. ಇದೂ ಅಗಲದ್ದೇ, 384 ಅಗಲ, 256 ಎತ್ತರ. ವಿಮಾನದ ಮುಂದೆಯೋ ಹಿಂದೆಯೋ ಅಂಟಿಸಿಕೊಳ್ಳಬಹುದಾದ ಫೋರ್ಸ್ ಅನ್ನುವ ದುಂಡಗಿನ ಉಂಡೆಯೇ ಇದರ ವಿಶೇಷ. ಹೊಸಬರಿಗೆ ಹೇಳುವ ಆಟ ಅಲ್ಲ, ಪ್ರತಿ ಇಂಚನ್ನೂ ಬಾಯಿಪಾಠ ಮಾಡಬೇಕು. 1991ರ ಗೇಮ್ ಬಾಯ್ ಆವೃತ್ತಿಗಿಂತ 1999ರ ಗೇಮ್ ಬಾಯ್ ಕಲರ್‌ನ ಆರ್-ಟೈಪ್ ಡಿಎಕ್ಸ್ ಮೇಲು. ಒಂದನೇ, ಎರಡನೇ ಭಾಗ ಎರಡೂ ಅದರಲ್ಲಿ ಬಣ್ಣದಲ್ಲಿವೆ. ಸ್ವಿಚ್‌ನಲ್ಲಿ ಆರ್-ಟೈಪ್ ಡೈಮೆನ್ಷನ್ಸ್ ಇಎಕ್ಸ್ ಸಿಗುತ್ತದೆ, ಆಡುತ್ತಲೇ ಒಂದು ಬಟನ್ ಒತ್ತಿ ಹಳೆಯ ಚಿತ್ರ, ಹೊಸ ಚಿತ್ರ ಬದಲಿಸಬಹುದು. ಲೈಫ್ ಮುಗಿಯದ ಆಯ್ಕೆಯೂ ಇರುವುದರಿಂದ ಕಲಿಯುವವರಿಗೆ ಅದೇ ಸರಿ.

ಯಂತ್ರ ಆರಿಸುವಾಗ: ಬಿಸಿಲು, ಸೆಲ್, ಇಳಿಯುವ ಸ್ಟಾಪ್

ಆಟ ಯಾವುದು ಅಂತ ಗಟ್ಟಿಯಾದ ಮೇಲೆ ಎಲ್ಲಿ ಆಡುತ್ತೀರಿ ಅನ್ನುವುದು ನೋಡಿ. ಹಳೆಯ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಮೊದಲ ಗೇಮ್ ಬಾಯ್ ಅಡ್ವಾನ್ಸ್ ಇವುಗಳ ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ. ಹೊರಗಿನ ಬೆಳಕು ಬಿದ್ದಷ್ಟೂ ಚೆನ್ನಾಗಿ ಕಾಣುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿ ಸ್ಟೇಷನ್ನಿನ ಆ 1,507 ಮೀಟರ್ ಪ್ಲಾಟ್‌ಫಾರ್ಮ್‌ನ ತುದಿಯಲ್ಲಿ ರೈಲು ಕಾಯುವಾಗ ಇವೇ ರಾಜ. ಅದೇ ಧಾರವಾಡದ ಜುಲೈ ಮಳೆಯಲ್ಲಿ, ಮೋಡ ಕವಿದ ಮಧ್ಯಾಹ್ನ, ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಕಪ್ಪು ಆಕಾಶದ ಮೇಲಿನ ಸಣ್ಣ ಗುಂಡು ಕಾಣಿಸುವುದೇ ಇಲ್ಲ. ಬಾಹ್ಯಾಕಾಶದ ಆಟ ಅಂದಮೇಲೆ ಹಿನ್ನೆಲೆ ಕಪ್ಪೇ ಇರುತ್ತದೆ, ಅಲ್ವಾ? ಹಾಗಾಗಿ ಅಡ್ವಾನ್ಸ್ ಆಟಗಳಿಗೆ 2003ರ ಎಸ್‌ಪಿ ಮಾದರಿಯನ್ನೇ ನೋಡಿ. ಅದಕ್ಕೆ ಬೆಳಕಿದೆ, ಮಡಚಬಹುದು, ಚಾರ್ಜ್ ಮಾಡಬಹುದು. ಆದರೆ ಸಾಮಾನ್ಯ ಇಯರ್‌ಫೋನ್ ತೂತು ಅದರಲ್ಲಿಲ್ಲ, ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಕೇಳಿ ತಗೊಳ್ಳಿ.

ಇನ್ನು ಮೊದಲ ಗೇಮ್ ಬಾಯ್‌ನ ಸ್ಕ್ರೀನ್ ನಿಧಾನ. ವೇಗವಾಗಿ ಹೋಗುವ ಗುಂಡಿನ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತದೆ. ಶೂಟಿಂಗ್ ಆಟಕ್ಕೆ 1996ರ ಪಾಕೆಟ್ ಅಥವಾ 1998ರ ಕಲರ್ ಮಾದರಿ ಎಷ್ಟೋ ವಾಸಿ. ಕಲರ್‌ನಲ್ಲಿ ಹಳೆಯ ಕ್ಯಾಸೆಟ್‌ಗಳೂ ನಡೆಯುತ್ತವೆ.

ಸ್ವಿಚ್, ಪಿಎಸ್‌ಪಿ, ಡಿಎಸ್ ಇವುಗಳದು ಉಲ್ಟಾ. ಒಳಗೆ ಹೊಳೆಯುತ್ತವೆ, ಬಿಸಿಲಿನಲ್ಲಿ ಮಂಕಾಗುತ್ತವೆ. ಸಂಜೆ ಚಿಗರಿ ಬಸ್‌ನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಎಡಗಡೆ ಕೂತರೆ ಬಿಸಿಲು ನೇರ ಸ್ಕ್ರೀನಿಗೆ. ಬಲಗಡೆ ಸೀಟು ಹಿಡಿಯಿರಿ.

ಇನ್ನೊಂದು ಮುಖ್ಯ ಸಂಗತಿ, ನಡುವೆ ನಿಲ್ಲಿಸುವುದು. ಡಿಎಸ್ ಮುಚ್ಚಿದರೆ ಮಲಗುತ್ತದೆ, ತೆರೆದರೆ ಅಲ್ಲಿಂದಲೇ ಆಟ. ಪಿಎಸ್‌ಪಿ, ಸ್ವಿಚ್ ಕೂಡ ಹಾಗೆಯೇ. ಹಳೆಯ ಗೇಮ್ ಬಾಯ್‌ನಲ್ಲಿ ಆಟವನ್ನು ಪಾಜ್ ಮಾಡಿ ಜೇಬಿಗೆ ಇಟ್ಟುಕೊಳ್ಳುವುದೊಂದೇ ದಾರಿ, ಸೆಲ್ ಖರ್ಚಾಗುತ್ತಲೇ ಇರುತ್ತದೆ. ಗದಗದಿಂದ ಹುಬ್ಬಳ್ಳಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಗ್ರೇಡಿಯಸ್ ಕುಳಿತು ಆಡುವಷ್ಟು ಸಮಯ ಸಿಗುತ್ತದೆ. ಊರೊಳಗೆ ಹತ್ತು ಹದಿನೈದು ನಿಮಿಷ ಓಡಾಡುವವರಿಗೆ ಇನ್ವೇಡರ್ಸ್ ಸಾಕು.

ಸೆಲ್ ವಿಷಯದಲ್ಲಿ ಹಳೆಯವು ಗೆಲ್ಲುತ್ತವೆ. ಮೊದಲ ಗೇಮ್ ಬಾಯ್ ನಾಲ್ಕು ಪೆನ್ಸಿಲ್ ಸೆಲ್‌ಗೆ ಸುಮಾರು 15 ಗಂಟೆ ನಡೆಯುತ್ತದೆ. ಸೆಲ್ ಹಾವೇರಿಯ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ. ಸ್ವಿಚ್ ಲೈಟ್ ಮೂರರಿಂದ ಏಳು ಗಂಟೆ.

ಕೊಳ್ಳುವಾಗ

ಪಿಎಸ್‌ಪಿಯನ್ನು ಸೋನಿ ಭಾರತದಲ್ಲೇ ಮಾರುತ್ತಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ನಮ್ಮ ಕಡೆ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಬರುವುದು ಅದೇ. ತಗೊಳ್ಳುವ ಮೊದಲು ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಮುಟ್ಟಿ ನೋಡಿ, ಉಬ್ಬಿದ್ದರೆ ಬೇಡ. ಡಿಸ್ಕ್ ಹಾಕಿಸಿ ಆಟ ತೆರೆಯುವ ತನಕ ಕಾಯಿರಿ. ಸ್ವಿಚ್ ಹೆಚ್ಚಾಗಿ ಆಮದು ಮಾಲು, ವಾರಂಟಿ ಯಾರು ಕೊಡುತ್ತಾರೆ ಅಂತ ಅಂಗಡಿಯವರ ಹತ್ತಿರ ಬರೆಸಿಕೊಳ್ಳಿ. ಡಿಎಸ್, ಎಸ್‌ಪಿ ಎರಡರಲ್ಲೂ ಮಡಚುವ ಕೀಲು ಬಿರುಕು ಬಿಟ್ಟಿದೆಯಾ ನೋಡಿ.

ನಾನೂರು ಆಟ, ಸಾವಿರ ಆಟ ಅಂತ ಪೆಟ್ಟಿಗೆ ಮೇಲೆ ಬರೆದ ಅಗ್ಗದ ಕೈ ಕನ್ಸೋಲ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಪಕ್ಕದ ಮನೆ ಹುಡುಗ "ಕಾಕಾ, ಇದರಾಗ ಗ್ಯಾಲಗಾನೂ ಐತಿ, ಇದನ್ನ ತಗೊಳ್ಲಾ?" ಅಂತ ಕೇಳಿದಾಗ ನಾನು ಬೇಡ ಅಂದೆ. ಅವುಗಳಲ್ಲಿ ಆಟ ತುಂಬುವವರು ಮಾಡಿದವರ ಅನುಮತಿ ಕೇಳಿರುವುದಿಲ್ಲ. ಅದು ಒಂದು. ಇನ್ನೊಂದು, ಅದರಲ್ಲಿರುವುದು ಸಾಮಾನ್ಯವಾಗಿ 1985ರಲ್ಲಿ ನಿಂಟೆಂಡೊದ ಟಿವಿ ಕನ್ಸೋಲ್ ಫ್ಯಾಮಿಕಾಂಗೆ ಅಂತ ನಾಮ್ಕೊ ಮಾಡಿದ ಗ್ಯಾಲಗಾ. ಟಿವಿಯಲ್ಲಿ ಅದು ನಿಜಕ್ಕೂ ಚಲೋ ಆಟ. ಕೈಯಷ್ಟು ಸ್ಕ್ರೀನಿಗೆ ಇಳಿಸಿ, ಕೀರಲು ಸ್ಪೀಕರ್ ಹಾಕಿ, ಮೆತ್ತಗಿನ ಬಟನ್ ಕೊಟ್ಟರೆ ಆ ಹುಡುಗನಿಗೆ ಗ್ಯಾಲಗಾ ಅಂದರೆ ಇಷ್ಟೇ ಅನಿಸಿಬಿಡುತ್ತದೆ. ಅವನಿಗೆ ಹಾಗೆ ಅನಿಸಬಾರದು ಅನ್ನುವುದೇ ನನ್ನ ಕಾಳಜಿ.

ಯಾವುದೇ ಹಳೆಯ ಕನ್ಸೋಲ್ ಕೊಳ್ಳಲು ಹೋದಾಗ ಒಂದು ಶೂಟಿಂಗ್ ಆಟ ಹಾಕಿಸಿ ಅಲ್ಲೇ ಐದು ನಿಮಿಷ ಆಡಿ. ಎಡಕ್ಕೆ ಒತ್ತಿ ಹಿಡಿದು ಬಲಕ್ಕೆ ತಟ್ಟನೆ ತಿರುಗಿಸಿ, ವಿಮಾನ ಒಂದು ಕ್ಷಣ ನಿಂತು ಹೊರಟರೆ ಬಟನ್ ಕೆಳಗಿನ ರಬ್ಬರ್ ಸವೆದಿದೆ ಅಂತ ಅರ್ಥ. ಗುಂಡಿನ ಬಟನ್ ಅನ್ನು ಬೇಗ ಬೇಗ ಒತ್ತಿ, ಒತ್ತಿದಷ್ಟೂ ಗುಂಡು ಹೊರಡುತ್ತಿವೆಯಾ ನೋಡಿ. ಸ್ಕ್ರೀನಿನ ಮೇಲೆ ಉದ್ದಕ್ಕೆ ಬಿಳಿ ಗೆರೆ ಕಂಡರೆ ಬೆಲೆ ಇಳಿಸಲು ಕೇಳಿ, ಎರಡಕ್ಕಿಂತ ಜಾಸ್ತಿ ಕಂಡರೆ ವಾಪಸ್ ಕೊಟ್ಟುಬಿಡಿ.